ಬೀಗ ಹಾಕಿದ ಮನೆ, ಒಳಗೊಂದು ಜೀವ: ಬೆಂಕಿ ಬಿದ್ದರೆ ಬಾಗಿಲು ತೆಗೆಯೋರು ಯಾರು?

ಹೋದ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ, ಬೆಂಗಳೂರಿನ ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯ ಮನೆಯಿಂದ ಹೊಗೆ ಬರ್ತಿತ್ತು. ಬಾಗಿಲಿಗೆ ಹೊರಗಿನಿಂದ ಬೀಗ. ಬಾಡಿಗೆಗಿದ್ದ ಹುಡುಗ ಆಫೀಸಿಗೆ ಹೋಗಿದ್ದ. ಯಾರೋ ಮೇನ್ ಸ್ವಿಚ್ ಆಫ್ ಮಾಡಿದರು, ಇನ್ಯಾರೋ 101ಕ್ಕೆ ಫೋನ್ ಮಾಡಿದರು. ಮನೆ ಖಾಲಿ ಇದೆಯಲ್ಲ, ಪುಣ್ಯ ಅಂತ ನಾವೆಲ್ಲ ಮಾತಾಡಿಕೊಳ್ತಿದ್ವಿ. ಆಗ ಮೆಟ್ಟಿಲು ಗುಡಿಸೋ ಅಕ್ಕ ಮೆಲ್ಲಗೆ ಹೇಳಿದರು: "ಒಳಗೆ ಬೆಕ್ಕಿದೆ ಸರ್."

ಆ ಬೆಕ್ಕಿನ ವಿಷಯ ಮನೆ ಓನರ್‌ಗೆ ಗೊತ್ತಿರಲಿಲ್ಲ. ಗೊತ್ತಾಗಬಾರದು ಅಂತಲೇ ಆ ಹುಡುಗ ಎರಡು ವರ್ಷದಿಂದ ಅದನ್ನು ಬಚ್ಚಿಟ್ಟು ಸಾಕಿದ್ದ. ನಾವು ಬೀಗ ಒಡೆದೆವು. ಹಾಸಿಗೆ ಪಕ್ಕದ ಎಕ್ಸ್‌ಟೆನ್ಷನ್ ಬೋರ್ಡ್ ಸುಟ್ಟು, ಹಾಸಿಗೆಯ ಅಂಚು ಹೊಗೆಯಾಡ್ತಿತ್ತು. ಎರಡು ಬಕೆಟ್ ನೀರಿಗೆ ಆರಿಹೋದ ಬೆಂಕಿ ಅದು. ಬೆಕ್ಕು ಮಂಚದ ಕೆಳಗಿನ ಮೂಲೆಯಲ್ಲಿತ್ತು. ಮೈಮೇಲೆ ಒಂದು ಸುಟ್ಟ ಗಾಯವೂ ಇರಲಿಲ್ಲ. ಸಂಜೆ ಹಾಲು ಕುಡೀತು. ಮಾರನೇ ದಿನ ಉಸಿರಾಡೋಕೆ ಕಷ್ಟಪಡ್ತು. ಡಾಕ್ಟರ್ ಹತ್ತಿರ ಒಯ್ಯುವಷ್ಟರಲ್ಲಿ ತಡವಾಗಿತ್ತು.

ಮೊದಲು ಬರೋದು ಹೊಗೆ

ಬೆಂಕಿ ಅಂದರೆ ನಮ್ಮ ಕಣ್ಮುಂದೆ ಬರೋದು ಜ್ವಾಲೆ. ಆದರೆ ಮನೆಯೊಳಗಿನ ಬೆಂಕಿಯಲ್ಲಿ ಜೀವ ತೆಗೆಯೋದು ಬಹುಪಾಲು ಹೊಗೆ. ಹಾಸಿಗೆ, ಸೋಫಾದ ಫೋಮ್, ವೈರಿನ ಪ್ಲಾಸ್ಟಿಕ್ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಜೊತೆಗೆ ಹೊಗೆಯಿಂದ ಶ್ವಾಸಕೋಶಕ್ಕೆ ಆದ ಗಾಯ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು. ಹಾಗಾಗಿ ಹೊಗೆ ಕುಡಿದ ಪ್ರಾಣಿ ನೋಡೋಕೆ ಚೆನ್ನಾಗಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಲೇಬೇಕು. ನಮಗೆ ಯಾರಿಗೂ ಇದು ಗೊತ್ತಿರಲಿಲ್ಲ.

ಹಕ್ಕಿಗಳ ಸ್ಥಿತಿ ಇನ್ನೂ ನಾಜೂಕು. ಅವುಗಳ ಉಸಿರಾಟದ ವ್ಯವಸ್ಥೆ ನಮ್ಮದಕ್ಕಿಂತ ಚುರುಕು, ಹಾಗಾಗಿ ವಿಷಾನಿಲವನ್ನೂ ಬೇಗ ಎಳೆದುಕೊಳ್ಳುತ್ತವೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1980ರ ದಶಕದವರೆಗೂ ಕ್ಯಾನರಿ ಹಕ್ಕಿಗಳನ್ನು ಇಟ್ಟುಕೊಳ್ಳುತ್ತಿದ್ದದ್ದು ಇದೇ ಕಾರಣಕ್ಕೆ. ಒಲೆ ಮೇಲೆ ಮರೆತ ಖಾಲಿ ನಾನ್‌ಸ್ಟಿಕ್ ತವಾದಿಂದ ಏಳುವ ಹೊಗೆಯೊಂದೇ ಸಾಕು, ಪಂಜರದ ಗಿಳಿ ಸಾಯೋಕೆ.

ಇನ್ನು ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಅದು ನೆಲದ ಮಟ್ಟದಲ್ಲಿ ಸೇರಿಕೊಳ್ಳುತ್ತೆ, ಅಂದರೆ ನಾಯಿ ಬೆಕ್ಕು ಮಲಗುವ ಎತ್ತರದಲ್ಲಿ.

ನಿಯಮ ಮುಟ್ಟದ ಕಟ್ಟಡಗಳು

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಸತ್ತರು. ಅಲ್ಲೂ ಮೇಲಿನ ಮಹಡಿಗಳನ್ನು ಮುತ್ತಿದ್ದು ಹೊಗೆಯೇ. ಆಮೇಲೆ ಎತ್ತರದ ಕಟ್ಟಡಗಳ ಸುರಕ್ಷತೆ ಬಗ್ಗೆ ಒಂದಿಷ್ಟು ಚರ್ಚೆ ನಡೀತು. ಆದರೆ ನ್ಯಾಷನಲ್ ಬಿಲ್ಡಿಂಗ್ ಕೋಡ್ 'ಹೈರೈಸ್' ಅನ್ನೋದು 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡಗಳನ್ನು. ನಮ್ಮಂಥವರು ಬಾಡಿಗೆಗಿರೋ, ನೆಲಮಹಡಿ ಮೇಲೆ ಮೂರು ಮಹಡಿ ಇರೋ ಕಟ್ಟಡಗಳು ಸಾಮಾನ್ಯವಾಗಿ ಈ ಗೆರೆಯ ಕೆಳಗೇ ಉಳಿಯುತ್ತವೆ. ಒಂದೇ ಮೆಟ್ಟಿಲು. ಆ ಮೆಟ್ಟಿಲ ಕೆಳಗೇ ಸ್ಕೂಟರ್‌ಗಳು, ಅಲ್ಲೇ ಎಲೆಕ್ಟ್ರಿಕ್ ಸ್ಕೂಟರಿನ ಚಾರ್ಜಿಂಗ್. ಕಿಟಕಿಗೆಲ್ಲ ತೆಗೆಯೋಕೆ ಬಾರದ ಕಬ್ಬಿಣದ ಗ್ರಿಲ್. ಕಳ್ಳ ಒಳಗೆ ಬರಬಾರದು ಅಂತ ಕಟ್ಟಿದ ಮನೆಯಿಂದ ಬೆಂಕಿ ಬಿದ್ದಾಗ ನಾವೂ ಹೊರಗೆ ಹೋಗೋಕಾಗಲ್ಲ.

ಇದು ಬರೀ ಬೆಕ್ಕು ನಾಯಿಯ ಸಮಸ್ಯೆ ಅಲ್ಲ. ಹೊರಗಿನಿಂದ ಬೀಗ ಹಾಕಿ ಒಳಗೆ ಬಿಟ್ಟುಹೋಗೋ ವಯಸ್ಸಾದ ಅಜ್ಜಿಗೂ, ಕೆಲಸಕ್ಕೆ ಹೋದ ತಾಯಿಯ ಪುಟ್ಟ ಮಕ್ಕಳಿಗೂ ಇದೇ ಅಪಾಯ.

ಗುಟ್ಟಾಗಿ ಸಾಕೋದರ ಬೆಲೆ

ಅಮೆರಿಕದಲ್ಲಿ ಮುಂಬಾಗಿಲ ಹತ್ತಿರ 'ಈ ಮನೆಯಲ್ಲಿ ಇಷ್ಟು ಪ್ರಾಣಿಗಳಿವೆ' ಅಂತ ಸ್ಟಿಕರ್ ಅಂಟಿಸೋ ರೂಢಿಯಿದೆ. ಒಳ್ಳೇ ಸಲಹೆ. ಆದರೆ ಓನರ್‌ಗೆ ಹೆದರಿ ಬೆಕ್ಕು ಸಾಕಿದವರು ಸ್ಟಿಕರ್ ಅಂಟಿಸೋದು ಹೇಗೆ? ಪಕ್ಕದ ಮನೆಗೆ ಕೀ ಕೊಡೋದು ಹೇಗೆ? ಇರೋದೇ ಗೊತ್ತಿಲ್ಲದ ಜೀವವನ್ನು ಯಾರೂ ಹುಡುಕಲ್ಲ.

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ನಿವಾಸಿಗಳ ಸಂಘಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಅನ್ನುತ್ತೆ. ಅದು ಅಪಾರ್ಟ್‌ಮೆಂಟಿನ ಮಾತು. ಬಿಡಿ ಮನೆಯ ಬಾಡಿಗೆದಾರರು ಮಾತ್ರ ಓನರ್ ಮರ್ಜಿಯಲ್ಲೇ ಇರಬೇಕು.

ಹಾಗಂತ ಸಾಕಿದವರ ಜವಾಬ್ದಾರಿ ಕಮ್ಮಿಯಾಗಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೇ ಸೆಕ್ಷನ್, ಪ್ರಾಣಿಯ ಕ್ಷೇಮಕ್ಕೆ ಬೇಕಾದ ಕ್ರಮಗಳನ್ನೆಲ್ಲ ಸಾಕಿದವರೇ ತಗೋಬೇಕು ಅನ್ನುತ್ತೆ. ತೀರಾ ಗಿಡ್ಡ ಸರಪಳಿಯಲ್ಲಿ ಗಂಟೆಗಟ್ಟಲೆ ಕಟ್ಟಿಹಾಕೋದು 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತೇ? 10ರಿಂದ 50 ರೂಪಾಯಿ! ಕಟ್ಟಿಹಾಕಿದ ನಾಯಿಗೆ ಬೆಂಕಿಯಿಂದ ದೂರ ಓಡೋ ಅವಕಾಶವೂ ಇರಲ್ಲ.

ನಾವು ಮಾಡಬಹುದಾದ್ದು

ಮೊದಲನೆಯದು, ಕೀ. ನಂಬಿಕೆಯ ನೆರೆಯವರೊಬ್ಬರ ಹತ್ತಿರ ಒಂದು ಕೀ, ನಿಮ್ಮ ಫೋನ್ ನಂಬರ್ ಇರಲಿ. ಒಳಗೆ ಯಾವ ಪ್ರಾಣಿಯಿದೆ, ಹೆದರಿದರೆ ಎಲ್ಲಿ ಅಡಗುತ್ತೆ ಅಂತ ಹೇಳಿಟ್ಟಿರಿ. ಬ್ಯಾಟರಿಯ ಸ್ಮೋಕ್ ಅಲಾರಂ ಹಾಕಿಸಿದರೆ ಒಳ್ಳೇದೇ. ಆದರೆ ಬೀಗ ಹಾಕಿದ ಮನೆಯಲ್ಲಿ ಅದು ಕೂಗಿದಾಗ, ಕೀ ಹಿಡಿದು ಬರೋ ಒಬ್ಬರು ಬೇಕಲ್ಲ?

ಎರಡನೆಯದು, ಹೊರಗೆ ಹೋಗುವಾಗ ಅಡುಗೆಮನೆ ಬಾಗಿಲು ಮುಚ್ಚಿ, ರೆಗ್ಯುಲೇಟರ್ ಆಫ್ ಮಾಡಿ. ಒಲೆಯ ನಾಬ್ ಅನ್ನು ನಾಯಿ ಬೆಕ್ಕು ತಿರುಗಿಸಿಬಿಡೋದುಂಟು. ಪ್ರಾಣಿಯನ್ನು ಮುಂಬಾಗಿಲಿಗೆ ಹತ್ತಿರದ ಕೋಣೆಯಲ್ಲಿ ಬಿಡಿ, ಕಟ್ಟಿಹಾಕಬೇಡಿ.

ಮೂರನೆಯದು, ಕರೆಂಟು. ಎಂಸಿಬಿ ಟ್ರಿಪ್ ಆಗೋದು ಓವರ್‌ಲೋಡ್ ಅಥವಾ ಶಾರ್ಟ್ ಸರ್ಕ್ಯೂಟ್ ಆದಾಗ. ನಾಯಿಮರಿ ವೈರ್ ಕಡಿದು ಕರೆಂಟ್ ಮೈ ಮೂಲಕ ನೆಲಕ್ಕೆ ಹರಿದರೆ ಅದನ್ನು ಹಿಡಿಯೋದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ನಿಮ್ಮ ಮನೆಯಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಓನರ್‌ನ ಕೇಳಿ. ಯಾರೂ ಇಲ್ಲದಾಗ ಯಾವುದನ್ನೂ ಚಾರ್ಜಿಗೆ ಹಾಕಿ ಹೋಗಬೇಡಿ. ಸ್ಕೂಟರಿನ ಬ್ಯಾಟರಿಯನ್ನು ಮುಂಬಾಗಿಲ ಬಳಿ ಚಾರ್ಜ್ ಮಾಡಲೇಬೇಡಿ. ಅದಕ್ಕೆ ಬೆಂಕಿ ಹತ್ತಿದರೆ ದಾರಿಯೇ ಮುಚ್ಚಿಹೋಗುತ್ತೆ.

ಕೊನೆಯದಾಗಿ, ಬೆಂಕಿ ಬಿದ್ದ ಮನೆಯೊಳಗೆ ಮತ್ತೆ ನುಗ್ಗಬೇಡಿ. ಅವತ್ತು ನಾವು ನುಗ್ಗಿದ್ದು ಅದೃಷ್ಟಕ್ಕೆ ಸರಿಹೋಯ್ತು, ಅಷ್ಟೇ. 101 ಅಥವಾ 112ಕ್ಕೆ ಕರೆ ಮಾಡಿ, ಒಳಗೆ ಪ್ರಾಣಿ ಇದೆ, ಇಂಥ ಕೋಣೆಯಲ್ಲಿದೆ ಅಂತ ಸಿಬ್ಬಂದಿಗೆ ಹೇಳಿ. ಗ್ಯಾಸ್ ಸೋರಿಕೆಗೆ 1906. ಸುಟ್ಟ ಗಾಯಕ್ಕೆ ತಣ್ಣೀರು ಹಾಕಿ. ಐಸ್, ಟೂತ್‌ಪೇಸ್ಟ್, ಅರಿಶಿನ ಬೇಡ.

ಬೆಕ್ಕು ಸತ್ತ ವಾರಕ್ಕೇ ಆ ಹುಡುಗನಿಗೆ ಮನೆ ಖಾಲಿ ಮಾಡು ಅಂದರು. ಕಾರಣ ಬೆಂಕಿ ಅಲ್ಲ, ಬೆಕ್ಕು ಸಾಕಿದ್ದು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ವೈರಿಂಗ್ ಹಳೇದೇ. ಮೊನ್ನೆ ಅವರ ಮನೆಯ ಒಂದು ಕೀ ನಾನು ಕೇಳಿ ಇಸ್ಕೊಂಡೆ.