ಚಳಿಗೆ ಹಾಸಿದ ಆಲೂಗಡ್ಡೆ

ಪೆರು ಮತ್ತು ಬೊಲಿವಿಯಾ ನಡುವಿನ ಟಿಟಿಕಾಕ ಸರೋವರದ ಸುತ್ತ ಜೂನ್ ಬಂತೆಂದರೆ ಮಳೆಯ ಸುಳಿವಿಲ್ಲ. ಸಮುದ್ರಮಟ್ಟದಿಂದ 3,800 ಮೀಟರ್ ಎತ್ತರದ ಬಯಲು. ಹಗಲಿಗೆ ಚುರುಗುಟ್ಟುವ ಬಿಸಿಲು. ಹೊತ್ತು ಮುಳುಗಿದ್ದೇ ತಡ, ನೀರು ಹೆಪ್ಪುಗಟ್ಟುವ ಚಳಿ. ನಮ್ಮಲ್ಲಿ ಸಂಡಿಗೆ ಇಡುವವರು ಬಿಸಿಲಿಗೆ ಕಾಯುವಂತೆ ಇಲ್ಲಿನ ಐಮಾರಾ, ಕೆಚುವಾ ರೈತರು ಈ ಚಳಿಗೆ ಕಾಯುತ್ತಾರೆ.

ಆಲೂಗಡ್ಡೆ ಆಗಲೇ ಅಗೆದಾಗಿದೆ. ಎತ್ತು ಕಾಲೂರಲಾಗದ ಇಳಿಜಾರುಗಳಲ್ಲಿ ‘ಚಾಕಿತಾಕ್ಲಾ’ ಎಂಬ ಕಾಲುನೇಗಿಲಿನಿಂದ ಉತ್ತು ಬೆಳೆದದ್ದು. ಗಂಡಸರು ಜೊತೆಯಾಗಿ ನಿಂತು ಅದನ್ನು ತುಳಿದು ಮಣ್ಣೆಬ್ಬಿಸಿದರೆ, ಎದುರಿಗೆ ಕೂತ ಹೆಂಗಸು ಕೈಯಿಂದ ಹೆಂಟೆ ಮಗುಚುತ್ತಾಳೆ. ಒಂದೇ ಹೊಲದಲ್ಲಿ ಹತ್ತಾರು ತಳಿ: ಕೆಂಪು, ನೇರಳೆ, ಹಳದಿ, ಗಂಟುಗಂಟಾದದ್ದು. ಯಾವ ವರ್ಷ ಹೇಗೋ, ಒಂದು ಕೈಕೊಟ್ಟರೆ ಇನ್ನೊಂದು ಉಳಿಯಲಿ ಎಂಬ ಲೆಕ್ಕ. ಕಡುಚಳಿಗೂ ಜಗ್ಗದ ತಳಿಗಳಿವೆ, ಆದರೆ ಬಾಯಿಗಿಡಲಾಗದಷ್ಟು ಕಹಿ. ಆ ಕಹಿಯಲ್ಲಿ ವಿಷವೂ ಇದೆ.

ಅದನ್ನು ಪಳಗಿಸುವ ವಿದ್ಯೆಯೇ ‘ಚುನ್ಯೊ’. ಸಂಜೆ ಗಡ್ಡೆಗಳನ್ನು ಒಂದರ ಮೇಲೊಂದು ಬೀಳದಂತೆ ಬಯಲಲ್ಲಿ ಹರಡುತ್ತಾರೆ. ಬೆಳಗ್ಗೆ ನೋಡಿದರೆ ಕಲ್ಲು. ಬಿಸಿಲೇರಿದಂತೆ ಕರಗಿ ಮೆತ್ತಗಾಗುತ್ತವೆ, ರಾತ್ರಿ ಮತ್ತೆ ಕಲ್ಲಾಗುತ್ತವೆ. ಹೀಗೆ ಕೆಲವು ರಾತ್ರಿ ಕಳೆದ ಮೇಲೆ ಸಣ್ಣ ಗುಡ್ಡೆ ಮಾಡಿ, ಮನೆಮಂದಿಯೆಲ್ಲ ಬರಿಗಾಲಲ್ಲಿ ತುಳಿಯುತ್ತಾರೆ. ಬೆರಳ ಸಂದಿನಿಂದ ನೀರು ಒಸರುತ್ತದೆ, ಸಿಪ್ಪೆ ಸುಲಿಯುತ್ತದೆ. ಆ ಕೊರೆಯುವ ನೆಲದ ಮೇಲೆ ಬರಿಗಾಲಿನ ದುಡಿಮೆ ಸಾಮಾನ್ಯದ್ದಲ್ಲ. ಬಳಿಕ ಬಿಸಿಲಿಗೆ ಒಣಗಿಸಿದರೆ ಕಪ್ಪಗೆ, ಹಗುರಾದ ಚುನ್ಯೊ ಸಿದ್ಧ. ಬಿಳಿಯದು ಬೇಕಿದ್ದರೆ ಒಣಗಿಸುವ ಮೊದಲು ವಾರಗಟ್ಟಲೆ ಹರಿವ ತೊರೆಯಲ್ಲಿ ನೆನೆಹಾಕುತ್ತಾರೆ. ಕಹಿಯೂ ವಿಷವೂ ನೀರಿನ ಪಾಲು. ಈ ಬಿಳಿ ಚುನ್ಯೊದ ಹೆಸರು ‘ತುಂತಾ’.

ಹಸಿಯಾಗಿಯೇ ಉಳಿಸಬೇಕಾದ ಗಡ್ಡೆಗೆ ಕತ್ತಲ ಕೋಣೆ, ಒಣಹುಲ್ಲಿನ ಹಾಸಿಗೆ, ನಡುನಡುವೆ ಘಾಟು ವಾಸನೆಯ ‘ಮುನ್ಯಾ’ ಸೊಪ್ಪು. ಪುದೀನ ಜಾತಿಯ ಈ ಸೊಪ್ಪಿದ್ದರೆ ಹುಳುವಿನ ಕಾಟ ಕಡಿಮೆ.

ಚುನ್ಯೊಗೆ ಇಷ್ಟೂ ಉಪಚಾರ ಬೇಡ. ತೇವ ತಾಗದಿದ್ದರೆ ವರ್ಷಗಟ್ಟಲೆ ಕೆಡದು. ಇಂಕಾ ಅರಸರ ಉಗ್ರಾಣಗಳಲ್ಲಿ ಇದರ ದಾಸ್ತಾನಿತ್ತು. ಸ್ಪೇನಿನವರ ಕಾಲದಲ್ಲಿ ಪೊಟೊಸಿಯ ಬೆಳ್ಳಿ ಗಣಿಗಳಲ್ಲಿ ದುಡಿದವರ ಹೊಟ್ಟೆ ತುಂಬಿಸಿದ್ದೂ ಇದೇ. ಅದನ್ನು ಮಾರಿದ ವ್ಯಾಪಾರಿಗಳು ಹಣವಂತರಾದರು. ಇಂದಿಗೂ ರಾತ್ರಿ ನೆನೆಹಾಕಿದ ಚುನ್ಯೊ ಬೆಳಗ್ಗೆ ಸಾರಿಗೆ ಬೀಳುತ್ತದೆ.

ಇದಕ್ಕೆ ವಿದ್ಯುತ್ತು ಬೇಡ, ಶೀತಲಗೃಹ ಬೇಡ, ಉಪ್ಪೂ ಬೇಡ. ಬೇಕಾದದ್ದು ರಾತ್ರಿಯ ಚಳಿ, ಹಗಲಿನ ಬಿಸಿಲು. ಚಳಿ ಸಾಲದ ವರ್ಷ ಗಡ್ಡೆ ಪೂರ್ತಿ ಹೆಪ್ಪುಗಟ್ಟದೆ ಹಾಸಿದಲ್ಲೇ ಕೊಳೆಯುತ್ತದೆ. ಭೂಮಿಯ ಬಿಸಿ ಏರುತ್ತಿರುವ ಈ ದಿನಗಳಲ್ಲಿ ಅಲ್ಲಿನ ರೈತರ ದೊಡ್ಡ ಆತಂಕ ಇದೇ.