ಬಹುದಿಕ್ಕಿನ ಫ್ಯಾನ್

ಬಹುದಿಕ್ಕಿನ ಫ್ಯಾನ್ ಎಂಬುದು ಕೋಣೆಯ ಹಲವು ದಿಕ್ಕುಗಳಿಗೆ ಗಾಳಿಯನ್ನು ಹರಡುವ ಗೃಹಬಳಕೆಯ ವಿದ್ಯುತ್ ಬೀಸಣಿಗೆ. ಎಡಬಲಕ್ಕೆ ಹೊರಳುವ ಟೇಬಲ್ ಫ್ಯಾನ್, ಪೆಡೆಸ್ಟಲ್ ಫ್ಯಾನ್ ಹಾಗೂ ಛಾವಣಿಯಲ್ಲಿದ್ದು ಸುತ್ತಲೂ ಮುಖ ತಿರುಗಿಸುವ ಆರ್ಬಿಟ್ ಫ್ಯಾನ್ ಈ ವರ್ಗಕ್ಕೆ ಸೇರುತ್ತವೆ. ಮೇಜಿನ ವಿದ್ಯುತ್ ಫ್ಯಾನನ್ನು ಅಮೆರಿಕದ ಸ್ಕೈಲರ್ ವೀಲರ್ 1880ರ ದಶಕದಲ್ಲಿ ರೂಪಿಸಿದರು.

ರಚನೆ

ಹೊರಳುವ ಫ್ಯಾನಿನಲ್ಲಿ ಮೋಟಾರಿನ ದಂಡದ ಮುಂತುದಿಗೆ ರೆಕ್ಕೆಗಳೂ ಹಿಂತುದಿಗೆ ಗಿಯರ್ ಪೆಟ್ಟಿಗೆಯೂ ಇರುತ್ತವೆ. ಗಿಯರುಗಳು ಮೋಟಾರಿನ ವೇಗವನ್ನು ಬಹಳವಾಗಿ ತಗ್ಗಿಸಿ ಒಂದು ಸಣ್ಣ ತಿರುಗೋಲನ್ನು ಸುತ್ತಿಸುತ್ತವೆ. ಆ ಕೋಲು ಒಂದು ಪಟ್ಟಿಯ ಮೂಲಕ ಕಂಬಕ್ಕೆ ಜೋಡಣೆಗೊಂಡಿರುವುದರಿಂದ, ಅದರ ಪ್ರತಿ ಸುತ್ತಿಗೂ ಫ್ಯಾನಿನ ತಲೆ ಒಮ್ಮೆ ಎಡಬಲಕ್ಕೆ ಹೊರಳುತ್ತದೆ. ಹಿಂಬದಿಯ ಗುಬುಟನ್ನು ಮೇಲಕ್ಕೆಳೆದರೆ ಹೊರಳುವಿಕೆ ನಿಲ್ಲುತ್ತದೆ.

ಹೊರಳುವಿಕೆಯು ಗಾಳಿಯ ಪ್ರಮಾಣವನ್ನು ಹೆಚ್ಚಿಸುವುದಿಲ್ಲ, ಇರುವುದನ್ನೇ ಹಂಚುತ್ತದೆ. ಹೊರಳುವ ಕೋನ ಹಿಗ್ಗಿದಷ್ಟೂ ಒಬ್ಬೊಬ್ಬರಿಗೆ ಗಾಳಿ ತಗಲುವ ಅವಧಿ ಕುಗ್ಗುತ್ತದೆ. ಈ ಎರಡನ್ನೂ ಸರಿದೂಗಿಸುವುದೇ ವಿನ್ಯಾಸದ ಮುಖ್ಯ ಸಮಸ್ಯೆ.

ಬಳಕೆ ಮತ್ತು ಮಿತಿ

ಫ್ಯಾನ್ ಗಾಳಿಯನ್ನು ತಂಪಾಗಿಸುವುದಿಲ್ಲ. ಬೆವರನ್ನು ಆರಿಸಿ ಮೈಯನ್ನು ತಂಪಾಗಿಸುತ್ತದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಲ್ಲಿ ಮಾರ್ಚ್‌ನಿಂದ ಮೇವರೆಗೆ ಬಿಸಿಲು ತೀವ್ರ. ಬಯಲುಸೀಮೆಯ ಜಗಳೂರಿನಂತಹ ಕಡೆ ಒಣಗಾಳಿಯಲ್ಲಿ ಬೆವರು ಬೇಗ ಆರುವುದರಿಂದ ಫ್ಯಾನ್ ಹಿತವೆನಿಸಿದರೂ ದೇಹದ ನೀರಿನಂಶ ಕಡಿಮೆಯಾಗುತ್ತದೆ. ಆಗಾಗ ನೀರು ಕುಡಿಯುವುದು ಅಗತ್ಯ.

ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಫ್ಯಾನಿನ ಗಾಳಿ ದೇಹವನ್ನು ಇನ್ನಷ್ಟು ಬಿಸಿಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಅಂತಹ ಮಧ್ಯಾಹ್ನಗಳಲ್ಲಿ, ವಿಶೇಷವಾಗಿ ವೃದ್ಧರು ಮತ್ತು ಶಿಶುಗಳಿರುವ ಮನೆಗಳಲ್ಲಿ, ಫ್ಯಾನನ್ನೇ ನಂಬಿಕೊಂಡಿರುವುದು ಅಪಾಯಕರ. ಒದ್ದೆ ಬಟ್ಟೆಯಿಂದ ಮೈ ಒರೆಸುವುದು, ನೆರಳಿನ ತಂಪಾದ ಸ್ಥಳಕ್ಕೆ ತೆರಳುವುದು ಸೂಕ್ತ.