ನಿವೃತ್ತಿಯ ನಂತರ ಮರಳುವ ಯುದ್ಧ

"ನಮ್ಮ ತಂದೆ 1971ರ ಯುದ್ಧ ಮಾಡಿ ಬಂದವರು. ಆಮೇಲೆ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿ ನಮ್ಮನ್ನೆಲ್ಲ ಓದಿಸಿದರು. ಮನೆಯಲ್ಲಿ ಯುದ್ಧದ ಮಾತು ಎತ್ತಿದವರೇ ಅಲ್ಲ. ಅಮ್ಮ ತೀರಿಕೊಂಡ ಮೇಲೆ ನಡುರಾತ್ರಿ ಎದ್ದು ಕೂರುತ್ತಾರೆ, ಜೊತೆಗಿದ್ದು ಸತ್ತವರ ಹೆಸರು ಹೇಳುತ್ತಾರೆ. ಇದು ಅರಳುಮರಳೇ?" ಓದುಗರೊಬ್ಬರ ಈ ಪ್ರಶ್ನೆಗೆ ಎರಡು ಸಾಲಿನ ಉತ್ತರ ಸಾಲದು.

ಮರೆವಿನ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಜಾರುವುದು ಹೊಸ ನೆನಪು: ಬೆಳಿಗ್ಗೆ ತಿಂದದ್ದು, ನಿನ್ನೆ ಬಂದುಹೋದವರು. ಅದೆಲ್ಲ ನೆಟ್ಟಗಿದ್ದು, ಐವತ್ತು ವರ್ಷ ಹಿಂದಿನದು ಮಾತ್ರ ಮೇಲೆದ್ದು ಬರುತ್ತಿದ್ದರೆ ಅದರ ಜಾಡೇ ಬೇರೆ.

ಆ ಜಾಡು ಹಿಡಿದವರು ಬಾಸ್ಟನ್ನಿನ ಸಂಶೋಧಕರು. ಅಮೆರಿಕ ಸರ್ಕಾರದ ಮಾಜಿ ಸೈನಿಕರ ಆರೋಗ್ಯ ವ್ಯವಸ್ಥೆಯಲ್ಲಿದ್ದ ಈವ್ ಡೇವಿಸನ್ ಮತ್ತು ಸಂಗಡಿಗರು ಎರಡನೆಯ ಮಹಾಯುದ್ಧ, ಕೊರಿಯಾ, ವಿಯೆಟ್ನಾಂಗಳಲ್ಲಿ ಕಾದಾಡಿದ ಹಿರಿಯರನ್ನು ಗುಂಪಾಗಿ ಕೂರಿಸಿ ಮಾತನಾಡಿಸಿದರು. 2006ರಲ್ಲಿ ಬಂದ ಅವರ ಪ್ರಬಂಧ ವಿವರಿಸಿದ್ದು ದಶಕಗಳ ಕಾಲ ಸಂಸಾರ, ನೌಕರಿ ಎರಡನ್ನೂ ಚೆನ್ನಾಗಿಯೇ ತೂಗಿಸಿದವರನ್ನು. ನಿವೃತ್ತಿಯೋ, ಹೆಂಡತಿಯ ಸಾವೋ, ಕಾಯಿಲೆಯೋ ಎದುರಾದಾಗ ಅವರಿಗೆ ಯುದ್ಧ ಮರಳಿ ಬಂದಿತ್ತು.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ ಚರ್ಚ್ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರು ಏರಿದಾಗ ಅದರ ಬಹುಪಾಲು ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಂತೆ ಕಮಾನು, ಗೋಡೆ, ಕೊನೆಗೆ ನೆಲವೂ ಕಾಣುತ್ತದೆ. ಅದನ್ನು ಬೇಸಿಗೆ ಕಟ್ಟಿದ್ದಲ್ಲ, ಅಲ್ಲೇ ಇತ್ತು. ದುಡಿಮೆ, ಮಕ್ಕಳ ಫೀಸು, ಮನೆ ಸಾಲ ಎಲ್ಲ ತುಂಬಿ ನಿಂತಷ್ಟು ದಿನ ನೆನಪೂ ಹಾಗೆಯೇ ತಳದಲ್ಲಿರುತ್ತದೆ. ಕೆಲವರಿಗೆ ತುಂಬು ಮಳೆಗಾಲದಲ್ಲೂ ಗೋಡೆಯ ತುದಿ ಕಾಣುತ್ತಲೇ ಇರುತ್ತದೆ. ಯುದ್ಧದಿಂದ ಬಂದಂದಿನಿಂದಲೇ ಆಘಾತದ ಕಾಯಿಲೆ ಅನುಭವಿಸಿದವರು ಅವರು, ಅವರ ಕಥೆ ಬೇರೆ.

ಹಳೆಯದನ್ನು ಮೆಲುಕು ಹಾಕುವುದೇ ಬುದ್ಧಿ ಮಂಕಾದ ಗುರುತು ಎಂದು ವೈದ್ಯರೂ ನಂಬಿದ್ದ ಕಾಲವಿತ್ತು. ಅದನ್ನು ಪ್ರಶ್ನಿಸಿದವರು ಮನೋವೈದ್ಯ ರಾಬರ್ಟ್ ಬಟ್ಲರ್. ಮುಪ್ಪಿನಲ್ಲಿ ಮನಸ್ಸು ಬಾಳಿನ ಲೆಕ್ಕ ನೋಡುವುದು ಸಹಜ, ಅಗತ್ಯ ಕೂಡ ಎಂದು 1963ರಲ್ಲಿ ಅವರು ಬರೆದರು. ನನ್ನ ದೃಷ್ಟಿಯಲ್ಲಿ ವೃದ್ಧಾಪ್ಯದ ವಿಜ್ಞಾನ ಮನುಷ್ಯನ ಕಡೆಗೆ ತಿರುಗಿದ್ದು ಅಲ್ಲಿಂದ. ಡೇವಿಸನ್ ತಂಡವೂ ಮೊದಲು 'ಲಕ್ಷಣ' ಎಂದದ್ದನ್ನು 2016ರಲ್ಲಿ ತಿದ್ದಿಕೊಂಡು, ಇದು ಹಳೆಯ ಗಾಯದ ಜೊತೆ ಮತ್ತೆ ಮುಖಾಮುಖಿಯಾಗುವ ಪ್ರಯತ್ನ ಎಂದಿತು. ಅದು ಸಮಾಧಾನದ ಕಡೆಗೂ ಹೋಗಬಹುದು, ಸಂಕಟದ ಕಡೆಗೂ ಹೋಗಬಹುದು.

ಯಾವ ಕಡೆಗೆ ಎಂಬುದಕ್ಕೆ ಬಾಸ್ಟನ್ನಿನಲ್ಲೇ ಒಂದು ಸುಳಿವಿದೆ. ಅಲ್ಲಿ 1960ರ ದಶಕದಿಂದ ಎರಡು ಸಾವಿರಕ್ಕೂ ಹೆಚ್ಚು ಗಂಡಸರ ಮುಪ್ಪನ್ನು ಹಿಂಬಾಲಿಸಿದ ಅಧ್ಯಯನವೊಂದಿದೆ. ಕ್ಯಾರೊಲಿನ್ ಆಲ್ಡ್ವಿನ್ ಮತ್ತಿತರರು 1994ರಲ್ಲಿ ಅದರಿಂದ ಕಂಡುಕೊಂಡದ್ದು: ಸೈನ್ಯ ತಮಗೆ ಧೈರ್ಯ, ಶಿಸ್ತು, ಸ್ನೇಹ ಹೀಗೆ ಏನಾದರೂ ಕೊಟ್ಟಿತು ಎಂದು ಕಂಡವರನ್ನು ಯುದ್ಧದ ನೆನಪು ಅಷ್ಟಾಗಿ ಕಾಡಲಿಲ್ಲ. ರಾಬರ್ಟ್ ಪಿಟ್ರ್‌ಜಾಕ್ ತಂಡ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅರವತ್ತು ದಾಟಿದ ಸುಮಾರು 2,000 ಅಮೆರಿಕನ್ ಮಾಜಿ ಸೈನಿಕರನ್ನು ಕೇಳಿದಾಗ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಚೆನ್ನಾಗಿಯೇ ಮುಪ್ಪಾಗುತ್ತಿದ್ದೇವೆ ಎಂದರು. ಬದುಕಿಗೊಂದು ಗುರಿ, ಕೃತಜ್ಞತೆ, ಒಡನಾಟ ಇದ್ದವರಲ್ಲಿ ಈ ಭಾವ ಗಟ್ಟಿಯಾಗಿತ್ತು. ಆದರೆ ಇದು ಅವರವರೇ ಹೇಳಿಕೊಂಡದ್ದು, ಬೇಗ ತೀರಿಹೋದವರು ಈ ಲೆಕ್ಕದಲ್ಲಿಲ್ಲ. 'ಕೃತಜ್ಞತೆಯಿಂದ ಆಯುಷ್ಯ' ಎಂಬಂಥ ತಲೆಬರಹಗಳನ್ನು ಇಂಥ ಸಮೀಕ್ಷೆಯ ಮೇಲೆ ಕಟ್ಟಬಾರದು.

ನಮ್ಮ ಜವಾನರು ನಲವತ್ತರ ಆಸುಪಾಸಿನಲ್ಲೇ ಪಿಂಚಣಿಗೆ ಬರುತ್ತಾರೆ. ಹಲವರು ಮತ್ತೆ ಬ್ಯಾಂಕು, ಕಾರ್ಖಾನೆ, ತೋಟ ಎಂದು ಎರಡನೆಯ ದುಡಿಮೆಗೆ ಇಳಿಯುತ್ತಾರೆ. ಹೀಗಾಗಿ ಈ ನೆನಪುಗಳು ಮೊದಲ ನಿವೃತ್ತಿಗಿಂತ ಎರಡನೆಯದರ ನಂತರವೇ ಹೆಚ್ಚಾಗಿ ಬರಬಹುದು ಎಂಬುದು ನನ್ನ ಅಂದಾಜು.

ಪ್ರಶ್ನೆ ಕೇಳಿದವರಿಗೆ: ತಂದೆ ಹೆಸರು ಹೇಳಿದಾಗ ಮಾತು ಬದಲಿಸಬೇಡಿ, ಅವರು ಯಾರು, ಯಾವ ಊರಿನವರು ಎಂದು ಕೇಳಿ. ಹೇಳಲು ಇಷ್ಟವಿಲ್ಲದಿದ್ದರೆ ಒತ್ತಾಯ ಬೇಡ. ಅದೇ ಪಲ್ಟನ್ನಿನ ಹಳೆಯ ಗೆಳೆಯರು ಬದುಕಿದ್ದರೆ ಭೇಟಿ ಮಾಡಿಸಿ. ನಿದ್ದೆ ಪೂರ್ತಿ ಕೆಟ್ಟರೆ, ಕುಡಿತ ಹೆಚ್ಚಿದರೆ, ಬದುಕು ಸಾಕು ಎಂಬ ಮಾತು ಬಂದರೆ ತಡಮಾಡದೆ ಮನೋವೈದ್ಯರ ಬಳಿ ಕರೆದೊಯ್ಯಿರಿ. ತಂದೆ ಸೇನೆಯ ಪಿಂಚಣಿದಾರರಾಗಿದ್ದು, 2003ರಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನ ಸದಸ್ಯತ್ವ ಪಡೆದಿದ್ದರೆ, ಹತ್ತಿರದ ಪಾಲಿಕ್ಲಿನಿಕ್‌ನಲ್ಲಿ ಮೊದಲು ವಿಚಾರಿಸಬಹುದು.